ಹೈಸ್ಕೂಲ್ ಲೈಬ್ರರಿಗೆ ₹8,000 ಸಿಕ್ಕಿದೆ, ಎಲ್ಲಿಂದ ಶುರು ಮಾಡಲಿ?

ಕನ್ನಡ ಮೇಡಂ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಲೈಬ್ರರಿಯ ಬೀಗದ ಕೈಯೂ ನನ್ನ ಹತ್ತಿರವೇ ಇರುತ್ತದೆ. ಎಂಟರಿಂದ ಹತ್ತರವರೆಗೆ ಸುಮಾರು 240 ಮಕ್ಕಳು. ಲೈಬ್ರರಿ ಸ್ವಲ್ಪ ಚೆಂದ ಮಾಡಿ ಅಂತ ಆಡಳಿತ ಮಂಡಳಿಯವರು ಈ ವರ್ಷ ₹8,000 ಕೊಟ್ಟಿದ್ದಾರೆ. ನವೆಂಬರ್ 14ಕ್ಕೆ ಗ್ರಂಥಾಲಯ ಸಪ್ತಾಹ ಶುರುವಾಗುತ್ತದೆ. ಅಷ್ಟರೊಳಗೆ ಮುಗಿಸಬೇಕು.

ರೂಮು 20 ಅಡಿ ಉದ್ದ, 15 ಅಡಿ ಅಗಲ. ಎರಡು ಕಿಟಕಿ. ಎರಡು ಟ್ಯೂಬ್‌ಲೈಟಿನಲ್ಲಿ ಒಂದು ಮಾತ್ರ ಉರಿಯುತ್ತದೆ. ಐದು ಸ್ಟೀಲ್ ಬೀರು, ಎರಡು ಉದ್ದದ ಮೇಜು, ಹಳೇ ಬೆಂಚುಗಳು. ಗೋಡೆಗೆ ಯಾವ ಕಾಲದಲ್ಲೋ ಬಳಿದ ತಿಳಿಹಸಿರು ಡಿಸ್ಟೆಂಪರ್. ಒಂದು ಕಿಟಕಿಯ ಕೆಳಗೆ ಮಳೆನೀರು ಇಳಿದು ಗೋಡೆ ಉಬ್ಬಿದೆ.

ಹೋದ ವರ್ಷ ನನ್ನ ಕೈಯಿಂದಲೇ ₹1,400 ಹಾಕಿ ಆನ್‌ಲೈನಿನಲ್ಲಿ ಗೋಡೆ ಸ್ಟಿಕರ್ ತರಿಸಿದ್ದೆ. ಮರ, ಹಕ್ಕಿ, ಪುಸ್ತಕ ಓದುವ ಮಗು, ಎಲ್ಲಾ ಇತ್ತು. ದೀಪಾವಳಿ ಕಳೆಯುವಷ್ಟರಲ್ಲಿ ಹಕ್ಕಿಗಳು ಬಣ್ಣದ ಚಕ್ಕೆ ಸಮೇತ ಉದುರಿದವು. ಮತ್ತೆ ಹಾಗಾಗಬಾರದು.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಕಳೆದ ವಾರ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ಒಂದು ಕಾಲು ಹೊಸ್ತಿಲ ಆಚೆ, ಎದೆಗೆ ಅವಚಿಕೊಂಡ ಪುಸ್ತಕ. "ಮಿಸ್, ಒಳಗೆ ಬರಬಹುದಾ?" ಅಂದಳು. ಎಂಟನೇ ಕ್ಲಾಸಿನಿಂದ ಇಲ್ಲೇ ಓದುತ್ತಿರುವ ಮಗು. ಅವಳದೇ ಲೈಬ್ರರಿಗೆ ಬರೋದಕ್ಕೆ ಅಪ್ಪಣೆ ಕೇಳಿ ನಿಂತಿದ್ದು ನೋಡಿ ನನಗೆ ತುಂಬ ಬೇಜಾರಾಯಿತು. ರೂಮು ಚೆಂದ ಕಂಡರೆ ಸಾಲದು, ಮಕ್ಕಳು ಸಲೀಸಾಗಿ ಒಳಗೆ ಬರುವ ಹಾಗಾಗಬೇಕು. ಏನು ಮಾಡಲಿ, ಹೇಳಿ.

ರಂಗಸಜ್ಜಿಕೆ

ಮೇಡಂ, ನಾನು ಇಪ್ಪತ್ತು ವರ್ಷದಿಂದ ನಾಟಕಗಳಿಗೆ ಸೆಟ್ ಕಟ್ಟುತ್ತಿದ್ದೇನೆ. ಕಾಸಿಲ್ಲದೆ ಅಂದ ತರೋದೇ ನಮ್ಮ ಕೆಲಸ. ಏನನ್ನೂ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಆ ಹುಡುಗಿ ನಿಂತಿದ್ದಳಲ್ಲ, ಅದೇ ಜಾಗದಲ್ಲಿ ನೀವು ನಿಲ್ಲಿ. ಅಲ್ಲಿಂದ ಕಣ್ಣಿಗೆ ಮೊದಲು ಏನು ಬೀಳುತ್ತದೆ?

ಕನ್ನಡ ಮೇಡಂ

ಈಗಷ್ಟೇ ಹೋಗಿ ನಿಂತು ಬಂದೆ ಸಾರ್. ಒಂದು ಬೀರುವಿನ ಬೆನ್ನು. ತುಕ್ಕು ಹಿಡಿದಿದೆ. ಅದರ ಮೇಲೆ 2014ರ ಕ್ಯಾಲೆಂಡರ್ ಅಂಟಿಸಿದ್ದಾರೆ. ಬೀರು ಅಡ್ಡ ಇರುವುದರಿಂದ ಮೇಜು ಕಾಣೋದೇ ಇಲ್ಲ, ಕಿಟಕಿಯೂ ಅರ್ಧ ಮುಚ್ಚಿಹೋಗಿದೆ. ಇಷ್ಟು ವರ್ಷ ಓಡಾಡಿದರೂ ಇದು ನನ್ನ ಗಮನಕ್ಕೇ ಬಂದಿರಲಿಲ್ಲ.

ರಂಗಸಜ್ಜಿಕೆ

ಹಾಗಾದರೆ ಮೊದಲ ಅಲಂಕಾರಕ್ಕೆ ಒಂದು ಪೈಸೆಯೂ ಬೇಡ. ಆ ಬೀರುವನ್ನು ಎತ್ತಿ ಪಕ್ಕದ ಗೋಡೆಗೆ ಸೇರಿಸಿ. ಬಾಗಿಲಿನಿಂದ ನೋಡಿದರೆ ಬೆಳಕು ಕಾಣಬೇಕು, ಕೂರುವ ಜಾಗ ಕಾಣಬೇಕು, ಒಂದಷ್ಟು ಪುಸ್ತಕದ ಮುಖ ಕಾಣಬೇಕು. ಈ ಮೂರು ಕಂಡರೆ ಮಗು ಒಳಗೆ ಬರುತ್ತದೆ.

ಎರಡನೆಯದು ಬೆಳಕು. ಇದ್ದ ದುಡ್ಡಿನಲ್ಲಿ ಮೊದಲ ಪಾಲು ಇದಕ್ಕೇ ಹೋಗಲಿ. ಕತ್ತಲೆ ರೂಮಿಗೆ ಎಂಥ ಬಣ್ಣ ಬಳಿದರೂ ಮಂಕಾಗೇ ಕಾಣುತ್ತದೆ. 40 ವ್ಯಾಟಿನ ಹಳೇ ಟ್ಯೂಬಿನಷ್ಟು ಬೆಳಕನ್ನು 20 ವ್ಯಾಟಿನ ಎಲ್‌ಇಡಿ ಟ್ಯೂಬ್ ಕೊಡುತ್ತದೆ. ಮೂರು ಹಾಕಿಸಿ. ಓಡಾಡುವ ಜಾಗದ ಮೇಲೆ ಬೇಡ, ಎರಡು ಮೇಜಿನ ನೇರಕ್ಕೆ ಮೇಲೆ ಒಂದೊಂದು, ಪುಸ್ತಕದ ಗೋಡೆಯ ಕಡೆಗೆ ಒಂದು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಎಲೆಕ್ಟ್ರಿಕಲ್ ಸಾಮಾನು ಸಾಲಾಗಿ ಸಿಗುತ್ತದೆ. ಎರಡು ಮೂರು ಅಂಗಡಿ ಕೇಳಿ ತಗೊಳ್ಳಿ, ಬಿಲ್ ಇಸ್ಕೊಳ್ಳಿ.

ಗೋಡೆಯ ತೇವ ಸರಿ ಮಾಡದೆ ಬಣ್ಣ ಮುಟ್ಟಬೇಡಿ. ನಿಮ್ಮ ಸ್ಟಿಕರ್ ಉದುರಿದ್ದಕ್ಕೆ ಅದೂ ಒಂದು ಕಾರಣ, ಡಿಸ್ಟೆಂಪರ್ ಇನ್ನೊಂದು. ಡಿಸ್ಟೆಂಪರ್ ಗೋಡೆಯಲ್ಲಿ ಸೀಮೆಸುಣ್ಣದ ಪುಡಿ ಇರುತ್ತದೆ, ಗೋಂದು ಹಿಡಿಯೋದು ಆ ಪುಡಿಯನ್ನು. ಗೋಡೆಯನ್ನಲ್ಲ. ಕಿಟಕಿಯ ಹೊರಗಡೆ ಸಜ್ಜೆ ಬಿರುಕು ಬಿಟ್ಟಿದೆಯಾ ನೋಡಿಸಿ. ನೀರು ಬರುವ ದಾರಿ ಮುಚ್ಚಿ, ಉಬ್ಬಿದ್ದನ್ನು ಕೆರೆದು, ಪೂರ್ತಿ ಒಣಗಿದ ಮೇಲೆ ಪುಟ್ಟಿ, ಆಮೇಲೆ ಬಣ್ಣ.

ನಿವೃತ್ತ ಗ್ರಂಥಪಾಲಕ

ಮೇಡಂ, ನಾನು ಮೂವತ್ತೊಂದು ವರ್ಷ ಲೈಬ್ರರಿ ಕೆಲಸ ಮಾಡಿದವನು. ನಿಮ್ಮನ್ನು ಒಂದೇ ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಆ ಐದು ಬೀರುಗಳ ಬಾಗಿಲು ತೆರೆದಿರುತ್ತದಾ, ಬೀಗ ಹಾಕಿರುತ್ತದಾ?

ಕನ್ನಡ ಮೇಡಂ

ಬೀಗ ಹಾಕಿರುತ್ತದೆ ಸಾರ್. ಮಕ್ಕಳು ಪುಸ್ತಕದ ಹೆಸರು ಹೇಳಿದರೆ ತೆಗೆದುಕೊಡುತ್ತೇನೆ. ಸ್ಟಾಕ್ ರಿಜಿಸ್ಟರಿಗೆ ಸಹಿ ಹಾಕಿರೋದು ನಾನು. ಒಂದು ಪುಸ್ತಕ ಹೋದರೂ ಆಡಿಟ್‌ನಲ್ಲಿ ನನ್ನನ್ನೇ ಕೇಳುತ್ತಾರೆ. ನಾನು ಮೊದಲಿದ್ದ ಶಾಲೆಯಲ್ಲಿ 23 ಪುಸ್ತಕ ಕಳೆದುಹೋಗಿ ಸಂಬಳದಿಂದ ದುಡ್ಡು ಕಟ್ಟಿದ್ದೇನೆ. ಆ ಭಯ ಇನ್ನೂ ಹೋಗಿಲ್ಲ.

ನಿವೃತ್ತ ಗ್ರಂಥಪಾಲಕ

ನಿಮ್ಮ ಕಷ್ಟ ನನಗೆ ಪೂರ್ತಿ ಅರ್ಥವಾಗುತ್ತದೆ. ನಾನೂ ಹಾಗೆ ಕಟ್ಟಿದವನೇ. ಆದರೂ ಹೇಳುತ್ತೇನೆ. ಹೆಸರು ಗೊತ್ತಿಲ್ಲದ ಪುಸ್ತಕವನ್ನು ಮಗು ಹೇಗೆ ಕೇಳುತ್ತದೆ? ಭಾರತದ ಲೈಬ್ರರಿ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರ ಕೊಟ್ಟರು. ಪುಸ್ತಕ ಇರುವುದು ಬಳಸುವುದಕ್ಕೆ ಅನ್ನುವುದು ಮೊದಲನೆಯದು. ಅದನ್ನು ವಿವರಿಸುವಾಗ ಲೈಬ್ರರಿ ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಮೇಜು ಕುರ್ಚಿ ಹೇಗಿರಬೇಕು ಅನ್ನುವುದನ್ನೂ ಬರೆದಿದ್ದಾರೆ. ಲೈಬ್ರರಿ ಶಾಸ್ತ್ರ ಕಲಿಸುವ ಡಿಆರ್‌ಟಿಸಿ ಸಂಸ್ಥೆಯನ್ನು 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರು ಮಾಡಿದರು. ಇದೇ ಊರಲ್ಲಿ 1972ರಲ್ಲಿ ತೀರಿಕೊಂಡರು. ಅಂಥವರು ಬದುಕಿದ್ದ ಊರಿನ ಶಾಲೆಗಳಲ್ಲಿ ಇನ್ನೂ ಬೀರುಗೆ ಬೀಗ ಇದೆ ಅನ್ನೋದು ನನಗೆ ನೋವಿನ ಸಂಗತಿ.

ನಿಮಗೆ ತೊಂದರೆಯಾಗದ ಒಂದು ದಾರಿ ಇದೆ. ಸ್ಟಾಕ್ ರಿಜಿಸ್ಟರಿನ ಪುಸ್ತಕಗಳು ಸದ್ಯಕ್ಕೆ ಬೀರುವಿನಲ್ಲೇ ಇರಲಿ. ತೆರೆದ ಕಪಾಟಿಗೆ ಬೇರೆ ಪುಸ್ತಕ ಸೇರಿಸಿ. ಮಕ್ಕಳ ಮನೆಯಿಂದ, ಹಳೇ ವಿದ್ಯಾರ್ಥಿಗಳಿಂದ, ಅಕ್ಕಪಕ್ಕದವರಿಂದ ದಾನವಾಗಿ ಬಂದವು. ಅವನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. "ಮುಕ್ತ ಓದಿನ ಪುಸ್ತಕಗಳು, ಕಳೆದರೆ ಯಾರೂ ಹೊಣೆಯಲ್ಲ" ಅಂತ ಹೆಡ್‌ಮಾಸ್ಟರ ಸಹಿ ಮಾಡಿಸಿಕೊಳ್ಳಿ. ಮೊದಲು ಸಹಿ, ಆಮೇಲೆ ಕಪಾಟು. ನೂರು ಪುಸ್ತಕ ಆದರೆ ಸಾಕು.

ಕಪಾಟಿನಲ್ಲಿ ಬೆನ್ನು ಕಾಣುವಂತೆ ಜೋಡಿಸಬೇಡಿ. ಮುಖಪುಟ ಕಾಣುವ ಹಾಗೆ ನಿಲ್ಲಿಸಿ. ಗೋಡೆಗೆ ಮರದ ಪಟ್ಟಿ ಹೊಡೆದು ಮುಂದೆ ಸಣ್ಣ ತಡೆ ಕೊಟ್ಟರೆ ಪುಸ್ತಕ ನಿಲ್ಲುತ್ತದೆ. ಚಿತ್ರಪಟ ಹಾಕಬೇಕಾದ ಜಾಗದಲ್ಲಿ ಪುಸ್ತಕವೇ ಇರುತ್ತದೆ. ವಾರಕ್ಕೊಮ್ಮೆ ಬದಲಾಯಿಸಿದರೆ ಅಲಂಕಾರವೂ ಹೊಸದು.

ಕಾಸಿಗೆ ತಕ್ಕ ಕೆಲಸ

ನನಗೆ ಒಂದು ಅನುಮಾನ. ₹8,000ಕ್ಕೆ ಪುಸ್ತಕವನ್ನೇ ತಗೊಂಡರೆ ಒಳ್ಳೆಯದಲ್ವಾ? ಬಣ್ಣ ಬಳಿದು ಏನು ಬಂತು? ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಪುಸ್ತಕ ಹುಡುಕಿದರೆ ಒಂದು ಬೀರು ತುಂಬುತ್ತದೆ. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ಸರ್ಕಾರದ ಕನ್ನಡ ಪುಸ್ತಕ ಪ್ರಾಧಿಕಾರದ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ.

ನಿವೃತ್ತ ಗ್ರಂಥಪಾಲಕ

ಹತ್ತು ವರ್ಷದ ಹಿಂದೆ ಕೇಳಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಆದರೆ ಇವರ ಹತ್ತಿರ ಐದು ಬೀರು ಪುಸ್ತಕ ಆಗಲೇ ಇದೆ. ಆರನೇ ಬೀರು ತುಂಬಿಸಿ ಅದಕ್ಕೂ ಬೀಗ ಹಾಕಿದರೆ ಮಕ್ಕಳಿಗೆ ಏನು ಸಿಕ್ಕ ಹಾಗಾಯಿತು? ಇರುವ ಪುಸ್ತಕ ಮಕ್ಕಳ ಕೈಗೆ ಸಿಗುವ ಹಾಗೆ ಮಾಡೋದಕ್ಕೆ ಈ ದುಡ್ಡು ಹೋಗಲಿ. ನೀವು ಹೇಳಿದ ಎರಡೂ ಜಾಗ ಒಳ್ಳೆಯವೇ, ಮುಂದಿನ ವರ್ಷಕ್ಕೆ ಬರೆದಿಟ್ಟುಕೊಳ್ಳಲಿ.

ಹಳೇ ವಿದ್ಯಾರ್ಥಿ 98

ಮೇಡಂ, ನನ್ನ ಗೆಳೆಯನ ಪ್ರಿಂಟಿಂಗ್ ಅಂಗಡಿ ಇದೆ. ದೊಡ್ಡ ಫ್ಲೆಕ್ಸ್ ಮಾಡಿಸಿಕೊಡುತ್ತೇನೆ, ಕಾಸು ಬೇಡ. "ಜ್ಞಾನ ದೇಗುಲಕ್ಕೆ ಸ್ವಾಗತ" ಅಂತ ಹಾಕಿಸೋಣ.

ರಂಗಸಜ್ಜಿಕೆ

ನಿಮ್ಮ ಮನಸ್ಸು ದೊಡ್ಡದು. ಆದರೆ ಫ್ಲೆಕ್ಸ್ ಬೇಡ. ಕರ್ನಾಟಕ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್ ನಿಷೇಧ ಮಾಡಿದೆ. ಶಾಲೆಯಲ್ಲಿ ಅದನ್ನು ಕಟ್ಟಿ ಮಕ್ಕಳಿಗೆ ಪರಿಸರ ಪಾಠ ಹೇಳೋದು ಹೇಗೆ? ಅದೇ ಗೆಳೆಯರ ಹತ್ತಿರ ದಪ್ಪ ಕಾಗದದಲ್ಲಿ ಕಲರ್ ಪ್ರಿಂಟ್ ಮಾಡಿಸಿಕೊಡಿ, ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡ ಕಥೆಗಳು ಚಿತ್ರ ಸಮೇತ ಮುಕ್ತ ಪರವಾನಗಿಯಲ್ಲಿ ಇವೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಕೆಳಗೆ ಹಾಕಿ ಪ್ರಿಂಟ್ ಮಾಡಿಕೊಳ್ಳಬಹುದು. ಗೂಗಲ್‌ನಲ್ಲಿ ಸಿಕ್ಕ ಚಿತ್ರ ಎತ್ತಿ ಹಾಕೋದಕ್ಕಿಂತ ಇದು ಎಷ್ಟೋ ಮೇಲು.

ಡ್ರಾಯಿಂಗ್ ಮೇಷ್ಟ್ರು

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವನು, ಈಗ ರಾಜಾಜಿನಗರದಲ್ಲಿದ್ದೇನೆ. ಒಂದು ಗೋಡೆಗೆ ಚಿತ್ತಾರ ಬರೆಸಿ ಮೇಡಂ. ನಮ್ಮ ಕಡೆ ದೀವರು ಸಮುದಾಯದ ಮನೆಗಳ ಹೆಣ್ಣುಮಕ್ಕಳು ಬರೆಯುವ ಕಲೆ ಇದು. ಕೆಮ್ಮಣ್ಣು ಸಾರಿಸಿದ ಗೋಡೆ. ಅಕ್ಕಿ ಅರೆದ ಬಿಳಿ ಬಣ್ಣ. ಅಕ್ಕಿಯನ್ನು ಕರಿಯಾಗುವ ತನಕ ಹುರಿದು ಅರೆದರೆ ಕಪ್ಪು. ಗುರಿಗೆ ಕಾಯಿಯಿಂದ ಹಳದಿ. ಕುಂಚಕ್ಕೆ ಪುಂಡಿ ನಾರು. ಅಜ್ಜಿ ಒಬ್ಬರು ಗೋಡೆಯ ಮುಂದೆ ಕೂತು, ಅಳತೆಗೋಲು ಇಲ್ಲದೆ, ನಾರನ್ನು ಬಣ್ಣದಲ್ಲಿ ಅದ್ದಿ ಒಂದೇ ಉಸಿರಿಗೆ ಗೆರೆ ಎಳೆಯುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಗೆರೆ ಒಂದು ಕೂದಲಷ್ಟೂ ಅಲುಗುತ್ತಿರಲಿಲ್ಲ.

ನಿಮ್ಮ ಗೋಡೆಗೆ ಕೆಮ್ಮಣ್ಣಿನ ಬಣ್ಣದ ಎಮಲ್ಶನ್ ಹೊಡೆಸಿ. ಅದರ ಮೇಲೆ ಮಕ್ಕಳು ಬಿಳಿ ಬಣ್ಣದಲ್ಲಿ ಬರೆಯಲಿ. ಚಿತ್ತಾರದಲ್ಲಿ ಮುಖ, ಮೂಗು, ನೆರಳು ಯಾವುದೂ ಕಷ್ಟದ್ದಿಲ್ಲ. ಗೆರೆ, ತ್ರಿಕೋನ, ಚೌಕ, ಎಳೆ ಎಳೆ. ಚಿತ್ರ ಬರೆಯೋಕೆ ಬರಲ್ಲ ಅನ್ನುವ ಮಗುವೂ ಸೇರಿಕೊಳ್ಳುತ್ತದೆ. ಮೊದಲು ಸೀಮೆಸುಣ್ಣದಲ್ಲಿ ಅಳತೆ ಹಾಕಿಸಿ. ಗಣಿತದ ಮೇಷ್ಟ್ರನ್ನೂ ಕರೆಯಿರಿ. ಒಂದೇ ಮನವಿ. ಇದು ಯಾರ ಕಲೆ, ಯಾವ ಊರಿನದು ಅಂತ ಗೋಡೆಯ ಮೂಲೆಯಲ್ಲಿ ಬರೆಸಿ.

ಹತ್ತನೇ ಕ್ಲಾಸ್

ನಾನು ಬೇರೆ ಸ್ಕೂಲಿನ ಹುಡುಗಿ, ಅಮ್ಮನ ಫೋನಿನಿಂದ ಬರೀತಿದ್ದೀನಿ. ದಯವಿಟ್ಟು ಕಾರ್ಟೂನ್ ಬರೆಸಬೇಡಿ ಮಿಸ್. ನಾವು ಚಿಕ್ಕ ಮಕ್ಕಳಲ್ಲ. ನೆಲದ ಮೇಲೆ ಕೂರೋಕೆ ಒಂದು ಜಾಗ ಇರಲಿ. ಬೆಂಚಿನ ಮೇಲೆ ದಿನವೆಲ್ಲಾ ಕೂತಿರ್ತೀವಿ. "ಮಾತನಾಡಬೇಡಿ", "ಮುಟ್ಟಬೇಡಿ" ಅನ್ನೋ ಬೋರ್ಡುಗಳನ್ನು ತೆಗೆದುಬಿಡಿ, ನಮ್ಮ ಲೈಬ್ರರಿಯಲ್ಲಿ ಅಂಥವು ಏಳು ಇವೆ.

ಇನ್ನೊಂದು. ನಮ್ಮಲ್ಲಿ ಜ್ಞಾನಪೀಠ ಬಂದ ಎಂಟು ಜನರ ಫೋಟೊ ಸಾಲಾಗಿ ಹಾಕಿದ್ದಾರೆ. ಎಲ್ಲರ ಮೇಲೂ ಗೌರವ ಇದೆ. ಆದರೆ ಎಂಟೂ ಗಂಡಸರು. ನಾವು ಹುಡುಗಿಯರು ಅದರ ಕೆಳಗೆ ಕೂತು ಓದ್ತೀವಿ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದಾಗ ಅವರ ಫೋಟೊ ಹಾಕಿ ಅಂತ ಕೇಳಿದೆವು. ಫ್ರೇಮಿಗೆ ಬಜೆಟ್ ಇಲ್ಲ ಅಂದರು. ನಿಮ್ಮ ಲೈಬ್ರರಿಯಲ್ಲಿ ಮೊದಲೇ ಹಾಕಿಬಿಡಿ ಮಿಸ್. ಫ್ರೇಮ್ ಬೇಕಾಗಿಲ್ಲ.

ಕನ್ನಡ ಮೇಡಂ

ಖಂಡಿತ ಹಾಕುತ್ತೇನೆ ಮಗು. ಬರೆದಿದ್ದು ತುಂಬ ಒಳ್ಳೆಯದಾಯಿತು. ನನ್ನ ಪಟ್ಟಿಯಲ್ಲೂ ಅದೇ ಎಂಟು ಫೋಟೊ ಇತ್ತು.

ಧಾರವಾಡದ ಸೊಸೆ

ನೆಲದ ಮೇಲೆ ಕೂರೋದಕ್ಕೆ ಕೌದಿ ಮಾಡಿಸಿರಿ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಸೀರೆ ಎಸೆಯೋದಿಲ್ಲ. ನಾಲ್ಕೈದು ಪದರ ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ದಪ್ಪ ದಾರದಿಂದ ಉದ್ದಕ್ಕೂ ಹೊಲಿಗೆ ಹಾಕುತ್ತೇವೆ. ಮಕ್ಕಳಿಗೆ ಮನೆಯಿಂದ ಒಂದೊಂದು ಹಳೇ ಹತ್ತಿ ಸೀರೆ ತರಲು ಹೇಳಿ. ಸಿಂಥೆಟಿಕ್ ಬೇಡ, ಜಾರುತ್ತದೆ, ಬೆವರು ಹೀರೋದಿಲ್ಲ. ತಾಯಂದಿರನ್ನು ಒಂದು ಶನಿವಾರ ಮಧ್ಯಾಹ್ನ ಕರೆಯಿರಿ. ಹತ್ತು ಜನ ಕೂತರೆ ಎರಡು ಶನಿವಾರಕ್ಕೆ ಒಂದು ದೊಡ್ಡ ಕೌದಿ ಆಗುತ್ತದೆ. ಖರ್ಚು ಸೂಜಿ ದಾರದ್ದು ಮಾತ್ರ. ಕೌದಿಯ ಕೆಳಗೆ ಜಮಖಾನ ಹಾಸಿ, ಇಲ್ಲದಿದ್ದರೆ ಥಂಡಿ ಹತ್ತುತ್ತದೆ.

ಚಿಕ್ಕಪೇಟೆ ಬಟ್ಟೆ ಅಂಗಡಿ

ಜಮಖಾನ ಬೇಕಿದ್ದರೆ ವಾರದ ಮಧ್ಯೆ ಬೆಳಿಗ್ಗೆ ಬನ್ನಿ ಮೇಡಂ, ಶನಿವಾರ ಕಾಲಿಡೋಕೆ ಜಾಗ ಇರಲ್ಲ. ಶಾಲೆಗೆ ಅಂತ ಹೇಳಿ, ನಮ್ಮ ಬೀದಿಯಲ್ಲಿ ಯಾರೂ ಜಾಸ್ತಿ ಹೇಳೋದಿಲ್ಲ. ಪರದೆ ಬಟ್ಟೆ ತಗೊಳ್ಳೋ ಮೊದಲು ಯೋಚನೆ ಮಾಡಿ. ಪಶ್ಚಿಮದ ಕಿಟಕಿಗೆ ಮಾತ್ರ ತೆಳು ಕಾಟನ್ ಸಾಕು, ಮಧ್ಯಾಹ್ನದ ಬಿಸಿಲಿಗೆ ಪುಸ್ತಕದ ಬಣ್ಣ ಹೋಗುತ್ತದೆ. ಬೇರೆ ಕಿಟಕಿಗೆ ಪರದೆಯೇ ಬೇಡ. ನೋಟಿಸ್ ಬೋರ್ಡಿಗೆ ಹೊಸ ಬಟ್ಟೆ ತರಬೇಡಿ. ಅಕ್ಕಿ ಅಂಗಡಿಯಲ್ಲಿ ಗೋಣಿಚೀಲ ಕೇಳಿ, ಒಗೆದು ಬಿಸಿಲಿಗೆ ಹಾಕಿ, ಹಳೇ ಬೋರ್ಡಿನ ಮೇಲೆ ಬಿಗಿಯಾಗಿ ಎಳೆದು ಹೊಡೆದರೆ ಪಿನ್ ಚೆನ್ನಾಗಿ ಹಿಡಿಯುತ್ತದೆ.

ನಿವೃತ್ತ ಗ್ರಂಥಪಾಲಕ

ಒಂದು ಎಚ್ಚರಿಕೆ. ಚಾರ್ಟ್ ಅಂಟಿಸಲು ಮೈದಾ ಗೋಂದು ಬಳಸಬೇಡಿ. ಜಿರಳೆ, ಕಾಗದದ ಹುಳು ಅದನ್ನೇ ತಿನ್ನಲು ಬಂದು ಆಮೇಲೆ ಪುಸ್ತಕಕ್ಕೆ ಹೋಗುತ್ತವೆ. ನಾನು ಒಂದು ಬೇಸಿಗೆ ರಜೆ ಮುಗಿಸಿ ಬಂದು ಬೀರು ತೆಗೆದಾಗ, ಚಾರ್ಟ್ ಅಂಟಿಸಿದ್ದ ಗೋಡೆಯ ಪಕ್ಕದ ಸಾಲು ಪೂರ್ತಿ ಜರಡಿಯಾಗಿತ್ತು. ಕುಂಡಗಳನ್ನೂ ಪುಸ್ತಕದ ಮೇಲಿನ ಹಲಗೆಯಲ್ಲಿ ಇಡಬೇಡಿ, ನೀರು ಸೋರುತ್ತದೆ. ಬೀರು ಗೋಡೆಗೆ ತಾಗದೆ ಒಂದು ಗೇಣು ದೂರ ಇರಲಿ. ಮಕ್ಕಳು ಹತ್ತಿರ ಓಡಾಡುವುದರಿಂದ ಮೇಲಿನಿಂದ ಎಲ್ ಪಟ್ಟಿ ಕೊಟ್ಟು ಗೋಡೆಗೆ ಬಿಗಿಸಿ.

ಕನ್ನಡ ಮೇಡಂ

ನವೆಂಬರ್ 22. ಎಲ್ಲರೂ ಕಾಯುತ್ತಿದ್ದೀರಿ, ಇವತ್ತು ಕೂತು ಬರೆಯುತ್ತಿದ್ದೇನೆ.

ಬೀರು ಸರಿಸಿದ ದಿನವೇ ಅರ್ಧ ಕೆಲಸ ಆಯಿತು. ಆರು ಜನ ಹುಡುಗರು, ಪಿಟಿ ಮೇಷ್ಟ್ರು, ನಾನು. ಬೀರು ಪಕ್ಕಕ್ಕೆ ಹೋದ ತಕ್ಷಣ ಬಿಸಿಲಿನ ಒಂದು ಪಟ್ಟಿ ಮೇಜಿನ ಮೇಲೆ ಬಿತ್ತು. ಹುಡುಗರು ಹೋ ಅಂತ ಕೂಗಿದರು. ನಾನು ಸುಮ್ಮನಿರಿ ಅನ್ನಲಿಲ್ಲ.

ಲೆಕ್ಕ ಹೇಳುತ್ತೇನೆ, ಬೇರೆ ಶಾಲೆಯವರಿಗೂ ಬೇಕಾಗಬಹುದು. ಮೂರು ಎಲ್‌ಇಡಿ ಟ್ಯೂಬ್, ವೈರು, ಎಲೆಕ್ಟ್ರಿಷಿಯನ್ ಕೂಲಿ ಸೇರಿ ₹1,400. ಸಜ್ಜೆಯ ಬಿರುಕಿಗೆ, ಗೋಡೆಗೆ ಸಿಮೆಂಟು, ಪುಟ್ಟಿ ₹850. ಗಾರೆ ಕೆಲಸ ಮಾಡಿದ್ದು ಎಂಟನೇ ಕ್ಲಾಸಿನ ಒಬ್ಬ ಹುಡುಗನ ತಂದೆ. ಕೂಲಿ ತಗೊಳ್ಳಲೇ ಇಲ್ಲ, ಎಷ್ಟು ಹೇಳಿದರೂ ಒಪ್ಪಲಿಲ್ಲ. ಆ ಹುಡುಗ ಎರಡು ದಿನ ತಂದೆಯ ಪಕ್ಕ ಬಕೆಟ್ ಹಿಡಿದು ನಿಂತಿದ್ದ. ಬಣ್ಣ, ಬ್ರಷ್ ₹1,850. ಮೂರು ಗೋಡೆ ಬಿಳಿ, ಒಂದು ಕೆಮ್ಮಣ್ಣಿನದು. ಪುಸ್ತಕ ನಿಲ್ಲಿಸುವ ಮರದ ಪಟ್ಟಿಗಳಿಗೆ ₹1,600. ಎರಡು ಜಮಖಾನ ₹1,100. ಸೂಜಿ ದಾರ ₹260. ಗೋಣಿಚೀಲದ ಬೋರ್ಡು, ಪಿನ್ನು, ಹಗ್ಗ, ಬಟ್ಟೆ ಕ್ಲಿಪ್ಪು ಸೇರಿ ₹380. ಪ್ರಿಂಟಿಗೆ ₹300, ಕಾಗದ ಹಳೇ ವಿದ್ಯಾರ್ಥಿ 98 ಅವರೇ ಕೊಡಿಸಿದರು. ಒಟ್ಟು ₹7,740. ಉಳಿದ ₹260 ಆಫೀಸಿಗೆ ಕಟ್ಟಿ ರಸೀದಿ ತಗೊಂಡಿದ್ದೇನೆ.

ಚಿತ್ತಾರ ಇನ್ನೂ ಮುಗಿದಿಲ್ಲ. ಸಪ್ತಾಹದ ದಿನ ಅರ್ಧ ಗೋಡೆ ಕೆಂಪಾಗೇ ಇತ್ತು. ಗೆರೆ ಎಳೆಯೋದಕ್ಕೆ ಹೊತ್ತು ಬೇಕು. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾಲ್ಕೈದು ಜನ ಬಂದು ಒಂದೊಂದು ಗೇಣು ಬರೆದು ಹೋಗುತ್ತಾರೆ. ಕ್ಲಾಸಿನಲ್ಲಿ ಬಾಯಿ ಬಿಡದ ಒಬ್ಬ ಹುಡುಗ ಸೀಮೆಸುಣ್ಣ ಹಿಡಿದು ಎಲ್ಲರಿಗೂ ಅಳತೆ ಹಾಕಿಕೊಡುತ್ತಿದ್ದಾನೆ. ಬೇಗ ಮುಗಿಸಿ ಅಂತ ನಾನು ಹೇಳುತ್ತಿಲ್ಲ.

ಕೌದಿಗೆ 31 ಸೀರೆ ಬಂದವು. ಹೊಲಿಯಲು ಹನ್ನೆರಡು ಜನ ತಾಯಂದಿರು ಬಂದಿದ್ದರು. ಅವರಲ್ಲಿ ನಾಲ್ವರು ನಮ್ಮ ಶಾಲೆಯ ಒಳಗೆ ಕಾಲಿಟ್ಟಿದ್ದು ಅದೇ ಮೊದಲು. ಒಬ್ಬರು ಹೊಲಿಯುತ್ತಾ, ಆ ಪಟ್ಟಿಯ ಮೇಲಿದ್ದ ಪುಸ್ತಕ ಮನೆಗೆ ಒಯ್ಯಬಹುದಾ ಅಂತ ಕೇಳಿದರು. ನೋಟ್‌ಬುಕ್ಕಿನಲ್ಲಿ ಈಗ ತಾಯಂದಿರಿಗೂ ಒಂದು ಪುಟ ಇದೆ.

ಮುಕ್ತ ಪುಸ್ತಕಗಳು ನೂರು ಕೇಳಿದ್ದೆ, 143 ಸಿಕ್ಕವು. ಹೆಡ್‌ಮಾಸ್ಟರು ಸಹಿ ಹಾಕಿದರು. ಇವತ್ತು ಎಣಿಸಿದಾಗ ಐದು ಕಮ್ಮಿ ಇತ್ತು. ಮೊದಲಿನ ಹಾಗೆ ಎದೆ ಧಸಕ್ ಅನ್ನಲಿಲ್ಲ. ಬಾನು ಮುಷ್ತಾಕ್ ಅವರ ಫೋಟೊ ಕಿಟಕಿಯ ಪಕ್ಕ, ಮಕ್ಕಳು ನೆಲದ ಮೇಲೆ ಕೂತಾಗ ಕಾಣುವ ಎತ್ತರದಲ್ಲಿ, ಗೋಣಿಯ ಬೋರ್ಡಿಗೆ ಪಿನ್ ಮಾಡಿದ್ದೇವೆ.

ನಿವೃತ್ತ ಗ್ರಂಥಪಾಲಕ

ಓದಿ ಕಣ್ಣು ತುಂಬಿ ಬಂತು ಮೇಡಂ. ಐದು ಪುಸ್ತಕದ ಬಗ್ಗೆ ಚಿಂತೆ ಮಾಡಬೇಡಿ, ಎರಡು ಮೂರು ವಾಪಸ್ ಬರುತ್ತವೆ. ಒಂದು ದಿನ ನಾನು ಬಂದು ನೋಡಬಹುದಾ?

ಕನ್ನಡ ಮೇಡಂ

ಕೇಳಬೇಕಾ ಸಾರ್? ಯಾವತ್ತಾದರೂ ಬನ್ನಿ. ಬಾಗಿಲು ತೆರೆದೇ ಇರುತ್ತದೆ.

ಮಾಗಡಿ ರೋಡ್ ಮೇಷ್ಟ್ರು

ನಮ್ಮ ಶಾಲೆಯಲ್ಲೂ ಇದೇ ಸ್ಥಿತಿ. ಆ ಮರದ ಪಟ್ಟಿಯ ಅಳತೆ ಹೇಳ್ತೀರಾ ಮೇಡಂ? ಬಡಗಿಗೆ ತೋರಿಸಬೇಕು.

ಕನ್ನಡ ಮೇಡಂ

ಅಳೆದು ಹೇಳುತ್ತಿದ್ದೇನೆ. ಪಟ್ಟಿ ನಾಲ್ಕು ಅಡಿ ಉದ್ದ, ನಾಲ್ಕು ಇಂಚು ಅಗಲ. ಮುಂದಿನ ತಡೆ ಒಂದೂವರೆ ಇಂಚು ಎತ್ತರ, ಅದಕ್ಕಿಂತ ಜಾಸ್ತಿ ಇಟ್ಟರೆ ಪುಸ್ತಕದ ಹೆಸರು ಮುಚ್ಚುತ್ತದೆ. ಒಂದು ಪಟ್ಟಿಗೆ ಆರು ಪುಸ್ತಕ ನಿಲ್ಲುತ್ತವೆ. ಎರಡು ಪಟ್ಟಿಯ ನಡುವೆ ಹದಿಮೂರು ಇಂಚು ಬಿಟ್ಟಿದ್ದೇವೆ. ಪ್ರತಿ ಪಟ್ಟಿಗೆ ಮೂರು ಕಡೆ ಗೋಡೆಗೆ ಸ್ಕ್ರೂ. ಕೆಳಗಿನದು ನೆಲದಿಂದ ಎರಡು ಅಡಿ ಮೇಲಿರಲಿ, ಗುಡಿಸುವಾಗ ಪೊರಕೆ ತಾಗುವುದಿಲ್ಲ.